ಸ್ಪರ್ಧಾ ಆಯೋಗಕ್ಕೆ ಸಂಘದ ಅರ್ಜಿ: ಸಿಟ್ಟು ಸಾಲದು, ಮಾರುಕಟ್ಟೆ ತೋರಿಸಬೇಕು

ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ, ವರ್ತಕರ ಸಂಘಕ್ಕೋ ರೈತ ಸಂಘಕ್ಕೋ ಒಂದು ದೊಡ್ಡ ಕಂಪನಿಯ ಮೇಲೆ ಸಿಟ್ಟು ಬಂದರೆ ಮುಂದಿನದು ಗೊತ್ತಿದ್ದದ್ದೇ. ಡಿ.ಸಿ. ಕಚೇರಿಗೆ ಮೆರವಣಿಗೆ, ಮನವಿ, ಫೋಟೊ, ಮಾರನೇ ದಿನ ಜಿಲ್ಲಾ ಪುಟದಲ್ಲಿ ಸುದ್ದಿ. ಮನವಿ ಸಂಬಂಧಪಟ್ಟ ಇಲಾಖೆಗೆ ಹೋಗುತ್ತದೆ, ಇಲಾಖೆಯಿಂದ ಒಂದು ಹಿಂಬರಹ ಬರುತ್ತದೆ, ಅಲ್ಲಿಗೆ ಮುಗಿಯಿತು. ಕಂಪನಿ ತನ್ನ ಸ್ಟಾಕಿಸ್ಟ್‌ಗೆ ಯಾವ ಷರತ್ತು ಹಾಕಬೇಕು, ಆನ್‌ಲೈನ್ ಆ್ಯಪ್ ಎಷ್ಟು ರಿಯಾಯಿತಿ ಕೊಡಬೇಕು ಅನ್ನುವುದರ ಮೇಲೆ ಜಿಲ್ಲಾಧಿಕಾರಿಗೆ ಅಧಿಕಾರವೇ ಇಲ್ಲ. ಇಲ್ಲಿನ ಸಿವಿಲ್ ಕೋರ್ಟಿಗೆ ಹೋಗೋಣವೆಂದರೆ, ಸ್ಪರ್ಧಾ ಕಾಯ್ದೆ 2002ರ 61ನೇ ಕಲಂ ಆ ಬಾಗಿಲನ್ನೂ ಹಾಕಿದೆ. ಈ ಕಾಯ್ದೆಯಡಿ ಸ್ಪರ್ಧಾ ಆಯೋಗ ತೀರ್ಮಾನಿಸಬೇಕಾದ ವಿಷಯವನ್ನು ಸಿವಿಲ್ ಕೋರ್ಟು ಕೈಗೆತ್ತಿಕೊಳ್ಳುವಂತಿಲ್ಲ.

ಹಾಗಾಗಿ ಕಾಗದ ಹೋಗಬೇಕಾದದ್ದು, ಮಾರುಕಟ್ಟೆಯಲ್ಲಿ ಪೈಪೋಟಿಗೆ ಧಕ್ಕೆಯಾಗದಂತೆ ನೋಡಿಕೊಳ್ಳುವ ದೆಹಲಿಯ ಭಾರತೀಯ ಸ್ಪರ್ಧಾ ಆಯೋಗಕ್ಕೆ. ಕರ್ನಾಟಕವೂ ಸೇರಿದಂತೆ ದಕ್ಷಿಣದ ರಾಜ್ಯಗಳಿಗೆ ಚೆನ್ನೈನಲ್ಲಿ ಪ್ರಾದೇಶಿಕ ಕಚೇರಿ ಇದೆ. ಕಾಯ್ದೆಯ 19(1)(ಎ) ಪ್ರಕಾರ ಯಾವುದೇ ವ್ಯಕ್ತಿ, ಗ್ರಾಹಕ, ಗ್ರಾಹಕರ ಸಂಘ ಅಥವಾ ವರ್ತಕರ ಸಂಘ ಆಯೋಗಕ್ಕೆ 'ಮಾಹಿತಿ' ಸಲ್ಲಿಸಬಹುದು. ತನಗೇ ನೇರವಾಗಿ ನಷ್ಟವಾಗಿರಬೇಕು ಅಂತೇನಿಲ್ಲ. ಸಮೀರ್ ಅಗರ್‌ವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಇದನ್ನು ಸ್ಪಷ್ಟಪಡಿಸಿದೆ.

ಗಮನಿಸಿ, ಕಾಯ್ದೆ ಇದನ್ನು ದೂರು ಅನ್ನುವುದಿಲ್ಲ, ದಾವೆ ಅನ್ನುವುದಿಲ್ಲ. ಅರ್ಜಿ ಕೊಟ್ಟ ಸಂಘ ವಾದಿಯಲ್ಲ, ಮಾಹಿತಿದಾರ ಮಾತ್ರ. ಆಯೋಗ ಕಂಪನಿಗೆ ದಂಡ ಹಾಕಿದರೆ ಆ ಹಣ 47ನೇ ಕಲಂ ಪ್ರಕಾರ ಭಾರತದ ಸಂಚಿತ ನಿಧಿಗೆ ಹೋಗುತ್ತದೆ, ಸಂಘಕ್ಕೆ ಒಂದು ಪೈಸೆಯೂ ಬರುವುದಿಲ್ಲ. ಪರಿಹಾರ ಬೇಕಿದ್ದರೆ 53ಎನ್ ಕಲಂ ಅಡಿ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಗೆ ಬೇರೆ ಅರ್ಜಿ ಹಾಕಬೇಕು, ಅದೂ ತಪ್ಪು ಸಾಬೀತಾದ ಮೇಲೆ. ಇದನ್ನು ಸಂಘದ ಸಾಮಾನ್ಯ ಸಭೆಯಲ್ಲಿ ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಎರಡನೇ ವರ್ಷದ ಸಭೆಯಲ್ಲಿ 'ವಕೀಲರಿಗೆ ಕೊಟ್ಟ ದುಡ್ಡು ಯಾವಾಗ ವಾಪಸ್ ಬರುತ್ತೆ' ಅನ್ನುವ ಪ್ರಶ್ನೆ ಏಳುವುದು ಖಂಡಿತ.

ಸಂಘಗಳ ಕರಡು ಅರ್ಜಿಗಳಲ್ಲಿ ಎದ್ದು ಕಾಣುವ ದೋಷ ಒಂದೇ: ಪುಟಗಟ್ಟಲೆ ಸದಸ್ಯರ ನಷ್ಟ ಬರೆದಿರುತ್ತಾರೆ, ಮಾರುಕಟ್ಟೆಗೆ ಏನಾಯಿತು ಅನ್ನುವುದು ಒಂದು ಸಾಲೂ ಇರುವುದಿಲ್ಲ. ಆಯೋಗ ನೋಡುವುದು ಎರಡನೆಯದನ್ನೇ. ಒಬ್ಬ ಡೀಲರ್‌ನ ಏಜೆನ್ಸಿ ಕಿತ್ತುಕೊಂಡರು, ಕಮಿಷನ್ ಬಾಕಿ ಇಟ್ಟುಕೊಂಡರು ಎಂಬಂಥವನ್ನು 'ಇಬ್ಬರ ನಡುವಿನ ವ್ಯಾಪಾರ ವ್ಯಾಜ್ಯ' ಎಂದು 26(2) ಕಲಂ ಅಡಿ ಮುಚ್ಚಿಬಿಡುತ್ತಾರೆ.

ನಮ್ಮ ಕಡೆಯ ಒಂದು ಉದಾಹರಣೆಯಿಂದಲೇ ಹೇಳುವುದು ಒಳ್ಳೆಯದು. ಮುಂಗಾರಿನಲ್ಲಿ ಮೆಕ್ಕೆಜೋಳ ಮೊಣಕಾಲೆತ್ತರ ಬಂದಾಗ ಯೂರಿಯಾಕ್ಕೆ ಅಂಗಡಿ ಮುಂದೆ ಸಾಲು ನಿಲ್ಲುತ್ತದೆ. ಆಗ ಗೊಬ್ಬರದ ಅಂಗಡಿಯವರ ಬಾಯಲ್ಲಿ ಕೇಳುವ ಮಾತು 'ಲಿಂಕ್'. ಯೂರಿಯಾ ಲೋಡ್ ಬೇಕೆಂದರೆ ಜೊತೆಗೆ ದ್ರವ ಗೊಬ್ಬರದ ಬಾಟಲಿಯನ್ನೋ ಜಿಂಕ್ ಪ್ಯಾಕೆಟನ್ನೋ ಎತ್ತಲೇಬೇಕು. ಅಂಗಡಿಯವರು ಅದನ್ನು ರೈತನ ತಲೆಗೆ ಕಟ್ಟುತ್ತಾರೆ. ಕಾಯ್ದೆಯ ಭಾಷೆಯಲ್ಲಿ ಇದು 3(4)(ಎ) ಅಡಿ ಬರುವ, ಒಂದು ಮಾಲಿಗೆ ಇನ್ನೊಂದನ್ನು ಕಟ್ಟಿ ಮಾರುವ ಒಪ್ಪಂದ.

ಲೆಕ್ಕ ಹಾಕಿ ನೋಡಿ. 20 ಟನ್ ಲೋಡ್ ಅಂದರೆ 45 ಕೆ.ಜಿ.ಯ 444 ಚೀಲ. ಚೀಲಕ್ಕೆ 266.50 ರೂಪಾಯಿಯಂತೆ ಎಂಆರ್‌ಪಿಯಲ್ಲಿ 1,18,326 ರೂಪಾಯಿ. ಜೊತೆಗೆ ತಲಾ 200 ರೂಪಾಯಿಯ 240 ಬಾಟಲಿ ಕಟ್ಟಿದರು ಎಂದಿಟ್ಟುಕೊಳ್ಳಿ, 48,000 ರೂಪಾಯಿ ಆಯಿತು. ಯೂರಿಯಾದ ಬೆಲೆಯ ಶೇ 40ರಷ್ಟು ಹಣ ಬೇಡದ ಮಾಲಿನಲ್ಲಿ ಕೂತಿತು.

ಇಷ್ಟನ್ನು ಎಲ್ಲರೂ ಬರೆಯುತ್ತಾರೆ, ಆದರೆ ಇದು ಅರ್ಧ ಮಾತ್ರ. 3(4) ಅಡಿ ಬರುವ ಒಪ್ಪಂದಗಳಲ್ಲಿ ಸ್ಪರ್ಧೆಗೆ ಗಣನೀಯ ಧಕ್ಕೆಯಾಗಿದೆ ಎಂದು ತೋರಿಸಬೇಕು. ತೂಗುವ ಅಂಶಗಳು 19(3)ರಲ್ಲಿವೆ: ಹೊಸಬರ ಪ್ರವೇಶಕ್ಕೆ ಅಡ್ಡಿಯಾಯಿತೇ, ಇದ್ದವರು ಹೊರಬಿದ್ದರೇ, ಬಳಕೆದಾರನಿಗೆ ಏನಾದರೂ ಲಾಭವಾಯಿತೇ. ಅಂದರೆ ಇಲ್ಲಿ ನಿಜವಾದ ಪ್ರಶ್ನೆ ಆ 48,000 ರೂಪಾಯಿ ಕಟ್ಟಿದ ಮೇಲೆ ಅಂಗಡಿಯಲ್ಲಿ ಬೇರೆ ಕಂಪನಿಯ ಜಿಂಕ್ ಇಡಲು ಜಾಗವೂ ದುಡ್ಡೂ ಉಳಿಯಿತೇ ಎಂಬುದು. ಲಿಂಕ್ ಶುರುವಾಗುವ ಮುಂಚೆ ಅದೇ ಅಂಗಡಿ ಎಷ್ಟು ಕಂಪನಿಗಳ ಮಾಲು ತರಿಸುತ್ತಿತ್ತು, ಈಗ ಎಷ್ಟು? ಖರೀದಿ ಬಿಲ್ಲುಗಳಿಂದ ಇದನ್ನು ತೆಗೆಯಬಹುದು. ಹತ್ತು ಪುಟದ ಗೋಳಿಗಿಂತ ಈ ಒಂದು ಕೋಷ್ಟಕಕ್ಕೆ ತೂಕ ಹೆಚ್ಚು.

ಕೋಷ್ಟಕ ಹೀಗಿರಲಿ: 15–20 ಅಂಗಡಿ, ಕನಿಷ್ಠ 12 ತಿಂಗಳು. ಪ್ರತಿ ಸಾಲಿನಲ್ಲಿ ಯೂರಿಯಾ ಇನ್‌ವಾಯ್ಸ್ ನಂಬರ್, ದಿನಾಂಕ, ಚೀಲ, ಲಾರಿ ನಂಬರ್. ಪಕ್ಕದಲ್ಲಿ ಲಿಂಕ್ ಮಾಲಿನ ಇನ್‌ವಾಯ್ಸ್ ನಂಬರ್, ದಿನಾಂಕ, ಮೊತ್ತ. ಎರಡೂ ಬಿಲ್ಲು ಒಂದೇ ದಿನ, ಒಂದರ ಹಿಂದೊಂದು ನಂಬರಿನಲ್ಲಿ, ಒಂದೇ ಲಾರಿಯಲ್ಲಿ ಬಂದಿದ್ದರೆ ಅದನ್ನು ವಿವರಿಸುವ ಮಾತೇ ಬೇಡ. ಇನ್ನೊಂದು ಕಾಲಂ ಮರೆಯಬೇಡಿ: ಲಿಂಕ್ ಮಾಲು ಬೇಡವೆಂದ ಅಂಗಡಿಗೆ ಮುಂದಿನ ಲೋಡ್ ಎಷ್ಟು ದಿನ ತಡವಾಯಿತು. ಕಡ್ಡಾಯ ಇತ್ತು ಅನ್ನುವುದಕ್ಕೆ ಅದೇ ಸಾಕ್ಷಿ. ಎಲ್ಲರೂ ಸುಮ್ಮನೆ ಎತ್ತಿಕೊಂಡಿದ್ದರೆ 'ಅವರೇ ಇಷ್ಟಪಟ್ಟು ಕೊಂಡರು' ಎನ್ನುತ್ತಾರೆ ಎದುರು ವಕೀಲರು.

ಯಾವ ಕಂಪನಿಯ ಯೂರಿಯಾ ಜಿಲ್ಲೆಗೆ ಎಷ್ಟು ಬಂತು ಎಂಬ ಅಂಕಿ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಸಿಗುತ್ತದೆ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ದರ, ಹಂಚಿಕೆ, ದಾಸ್ತಾನು ಎಲ್ಲವನ್ನೂ ಒಂದರಲ್ಲೇ ತುರುಕಿದರೆ ಅದೇ ಕಾರಣಕ್ಕೆ ವಾಪಸ್ ಬರುತ್ತದೆ. ಅಂದಹಾಗೆ, ಗೊಬ್ಬರ ಅಗತ್ಯ ವಸ್ತುಗಳ ಕಾಯ್ದೆಯಡಿ ಬರುವ ಮಾಲು. ಹಾಗಾಗಿ ಕೃಷಿ ಇಲಾಖೆಗೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. 'ಮೊದಲು ನಿಯಂತ್ರಕರ ಬಳಿ ಹೋಗಬೇಕಿತ್ತು' ಅನ್ನುವ ವಾದಕ್ಕೆ ಅದೇ ಉತ್ತರ.

ಸೇಲ್ಸ್ ಆಫೀಸರ್ ಇಂಥದ್ದನ್ನು ಲೆಟರ್‌ಹೆಡ್‌ನಲ್ಲಿ ಬರೆದು ಕೊಡುವುದಿಲ್ಲ. ಬರುವುದು ವಾಟ್ಸಾಪ್‌ನಲ್ಲಿ, 'ಸಾವ್ಕಾರ್ರೇ, ಲೋಡ್ ಬೇಕಂದ್ರೆ ಹತ್ತು ಬಾಕ್ಸ್ ಎತ್ತಬೇಕ್ರೀ' ಅನ್ನುವ ಧಾಟಿಯಲ್ಲಿ. ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಹಾಕಿ ಲಗತ್ತಿಸಿದರೆ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರದ ಪ್ರಮಾಣಪತ್ರವನ್ನೂ ಮಾಡಿಸಿಡಿ. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಂ ಜಾಗಕ್ಕೆ ಬಂದದ್ದು ಇದು. ಎರಡು ಭಾಗ ಇರುತ್ತದೆ: ಒಂದಕ್ಕೆ ಮೊಬೈಲ್ ಹೊಂದಿದವರು, ಇನ್ನೊಂದಕ್ಕೆ ತಜ್ಞರು ಸಹಿ ಮಾಡಬೇಕು, ಫೈಲನ್ನು ತಿದ್ದಿಲ್ಲವೆಂದು ಪರೀಕ್ಷಿಸಲು ಬಳಸುವ ಗುರುತು ಸಂಕೇತವಾದ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಆ ಮೊಬೈಲನ್ನು ಎಕ್ಸ್‌ಚೇಂಜ್ ಆಫರಿಗೆ ಕೊಟ್ಟುಬಿಟ್ಟರೆ ಸಾಕ್ಷಿಯೂ ಅದರೊಂದಿಗೇ ಹೋಯಿತು.

ಕಾರ್ಟೆಲ್ ಆದರೆ, ಅಂದರೆ ಪೈಪೋಟಿ ನಡೆಸಬೇಕಾದ ಕಂಪನಿಗಳೇ ಒಳಗೊಳಗೆ ಮಾತಾಡಿಕೊಂಡಿದ್ದರೆ, 3(3) ಅನ್ವಯಿಸುತ್ತದೆ. ಅಲ್ಲಿ ಸ್ಪರ್ಧೆಗೆ ಧಕ್ಕೆಯಾಗಿದೆ ಎಂದು ಕಾನೂನೇ ಭಾವಿಸುತ್ತದೆ. ಕಾಳಿನ ಗೋದಾಮಿಗೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ನಮ್ಮ ಅಕ್ಕಿ ಗಿರಣಿಯವರಿಗೂ ಮೆಕ್ಕೆಜೋಳ ಖರೀದಿದಾರರಿಗೂ ಗೊತ್ತಿರುವುದೇ. ಭಾರತೀಯ ಆಹಾರ ನಿಗಮದ 2009ರ ಟೆಂಡರಿನಲ್ಲಿ ಮೂರು ಕಂಪನಿಗಳು ಆ ಮಾತ್ರೆಗೆ ನಮೂದಿಸಿದ ದರ ಒಂದೇ, 388 ರೂಪಾಯಿ. 2011ರ ಟೆಂಡರನ್ನು ಒಟ್ಟಾಗಿ ಬಿಟ್ಟವು. ನಿಗಮ ಬರೆದ ಪತ್ರದಿಂದ ವಿಚಾರಣೆ ಶುರುವಾಯಿತು. ನಿಗಮದ ಕಚೇರಿ ಗೇಟಿನ ಪ್ರವೇಶ ರಿಜಿಸ್ಟರ್ ಕೂಡ ಸಾಕ್ಷಿಯಾಗಿ ಬಂತು. ಎಕ್ಸೆಲ್ ಕ್ರಾಪ್ ಕೇರ್ ಹೆಸರಿನ ಈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಮೇ ತಿಂಗಳಲ್ಲಿ ತಪ್ಪನ್ನು ಎತ್ತಿಹಿಡಿಯಿತು. ಆದರೆ ದಂಡದ ಲೆಕ್ಕ ಕಂಪನಿಯ ಇಡೀ ವಹಿವಾಟಿನ ಮೇಲಲ್ಲ, ಆ ಮಾಲಿನ ವಹಿವಾಟಿನ ಮೇಲೆ ಮಾತ್ರ ಎಂದಿತು. 2023ರ ತಿದ್ದುಪಡಿ ಇದನ್ನು ಮತ್ತೆ ಬದಲಿಸಿ, ಕಂಪನಿಯ ಜಾಗತಿಕ ವಹಿವಾಟನ್ನು ಲೆಕ್ಕಕ್ಕೆ ತಂದಿದೆ.

ನಾಲ್ಕನೇ ಕಲಂ, ಅಂದರೆ ಪ್ರಬಲ ಸ್ಥಾನದ ದುರ್ಬಳಕೆ, ಅತಿ ಹೆಚ್ಚು ಎಡವುವ ಜಾಗ. ದೊಡ್ಡ ಕಂಪನಿ ಆಗಿರುವುದು ತಪ್ಪಲ್ಲ. ಇಷ್ಟು ಶೇಕಡಾ ಪಾಲಿದ್ದರೆ ಪ್ರಬಲ ಎಂಬ ಅಳತೆಯೂ ಕಾಯ್ದೆಯಲ್ಲಿಲ್ಲ. ಮೊದಲು ಯಾವ ಮಾಲಿನ, ಯಾವ ಪ್ರದೇಶದ ಮಾರುಕಟ್ಟೆ ಎಂದು ಗೆರೆ ಎಳೆಯಬೇಕು, ಆಮೇಲೆ ಆ ಗೆರೆಯೊಳಗೆ ಕಂಪನಿ ಪ್ರಬಲ ಎಂದು ತೋರಿಸಬೇಕು, ಆಮೇಲಷ್ಟೇ ದುರ್ಬಳಕೆ. ಗೆರೆಯನ್ನು ನಿಮಗೆ ಬೇಕಾದಷ್ಟು ಚಿಕ್ಕದಾಗಿ ಎಳೆದರೆ ನಿಲ್ಲುವುದಿಲ್ಲ. 'ಚಳ್ಳಕೆರೆ ತಾಲ್ಲೂಕಿನ ಶೇಂಗಾ ಎಣ್ಣೆ ಮಾರುಕಟ್ಟೆ' ಎಂದು ಬರೆದರೆ, ಪಾವಗಡದಿಂದಲೋ ಬಳ್ಳಾರಿಯಿಂದಲೋ ಟ್ಯಾಂಕರ್ ಬರುವುದಿಲ್ಲವೇ ಎಂಬ ಒಂದೇ ಪ್ರಶ್ನೆಗೆ ಅರ್ಜಿ ಕುಸಿಯುತ್ತದೆ. ಸಾಗಣೆ ಖರ್ಚು, ಲೈಸೆನ್ಸ್ ನಿರ್ಬಂಧ, ಬದಲಿ ಮಾಲು ಇದೆಯೋ ಇಲ್ಲವೋ ಎಂಬುದನ್ನು ಅಂಕಿಯಲ್ಲಿ ಕೊಟ್ಟರೆ ಮಾತ್ರ ಚಿಕ್ಕ ಗೆರೆಗೆ ಬೆಲೆ. ಗುರುಗ್ರಾಮದ ಬೆಲೇರ್ ಫ್ಲ್ಯಾಟ್ ಮಾಲೀಕರ ಸಂಘ ಡಿಎಲ್ಎಫ್ ವಿರುದ್ಧ ಹೋದಾಗ ಇಡೀ ದೇಶದ ಕಟ್ಟಡ ಉದ್ಯಮವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಗುರುಗ್ರಾಮದ ದುಬಾರಿ ವಸತಿಯಷ್ಟೇ ಮಾರುಕಟ್ಟೆ ಎಂದು ಆಯೋಗ ಒಪ್ಪಿತು. 2011ರ ಆಗಸ್ಟ್‌ನಲ್ಲಿ ಬಿದ್ದ ದಂಡ 630 ಕೋಟಿ. ಮಾಡಿದ್ದು ಒಂದು ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘ ಅನ್ನುವುದು ನೆನಪಿರಲಿ.

ಲಾಡ್ಜ್ ನಡೆಸುವವರಿಗೆ ಹತ್ತಿರದ ಉದಾಹರಣೆ ಇನ್ನೊಂದಿದೆ. ಕೋಟೆ ನೋಡಲು ಚಿತ್ರದುರ್ಗಕ್ಕೆ ಬರುವವರು ಆ್ಯಪ್‌ನಲ್ಲೇ ರೂಮು ಹಿಡಿಯುತ್ತಾರೆ. 'ನಮ್ಮಲ್ಲಿ ತೋರಿಸಿದ ದರಕ್ಕಿಂತ ಕಡಿಮೆಗೆ ಬೇರೆಲ್ಲೂ ಕೊಡಕೂಡದು' ಎಂಬ ಷರತ್ತಿನ ವಿರುದ್ಧ ಹೋಟೆಲ್ ಮತ್ತು ರೆಸ್ಟೋರೆಂಟ್ ಸಂಘಗಳ ರಾಷ್ಟ್ರೀಯ ಒಕ್ಕೂಟ 2019ರಲ್ಲಿ ಅರ್ಜಿ ಹಾಕಿತು. 2022ರ ಅಕ್ಟೋಬರ್‌ನಲ್ಲಿ ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೊಗೆ 223.48 ಕೋಟಿ, ಓಯೋಗೆ 168.88 ಕೋಟಿ ದಂಡ ಹಾಕಿತು. ಆ ಅರ್ಜಿಗೆ ಬಲ ಕೊಟ್ಟದ್ದು ಆ್ಯಪ್ ಕಂಪನಿಗಳೇ ಹೋಟೆಲಿನವರಿಂದ ಸಹಿ ಹಾಕಿಸಿಕೊಂಡ ಒಪ್ಪಂದದ ಕಲಮುಗಳು. ಸಹಿ ಹಾಕುವಾಗ ಯಾರೂ ಓದದ ಆ ಪುಟಗಳನ್ನು ಬಿಸಾಡಬೇಡಿ.

ಇನ್ನು ಕಾಗದದ ಕೆಲಸ. ಆಯೋಗದ 2009ರ ಸಾಮಾನ್ಯ ವಿನಿಯಮಗಳಲ್ಲಿ 10ನೆಯದು ಮಾಹಿತಿಯಲ್ಲಿ ಏನಿರಬೇಕೆಂದು ಹೇಳುತ್ತದೆ: ಸಂಗತಿಗಳು, ಯಾವ ಕಲಂ ಹೇಗೆ ಉಲ್ಲಂಘನೆಯಾಯಿತು, ದಾಖಲೆಗಳ ಪಟ್ಟಿ, ಅಫಿಡವಿಟ್, ಆಯೋಗದಿಂದ ಯಾವ ಆದೇಶ ಬೇಕು ಎಂಬುದು. ಎರಡೂ ಕಡೆಯವರ ನಡುವೆ ಬೇರೆ ಯಾವುದೇ ಕೋರ್ಟಿನಲ್ಲಿ ಇರುವ ವ್ಯಾಜ್ಯವನ್ನೂ ತಿಳಿಸಬೇಕು. ಚೆಕ್ ಬೌನ್ಸ್ ಕೇಸಿದ್ದರೂ ಬರೆಯಿರಿ. ಮುಚ್ಚಿಟ್ಟದ್ದು ಎದುರಿನವರ ಉತ್ತರದಲ್ಲಿ ಹೊರಬಂದರೆ ಉಳಿದದ್ದನ್ನೂ ನಂಬುವುದು ಕಷ್ಟ. ಶುಲ್ಕ ವ್ಯಕ್ತಿ, ಗ್ರಾಹಕರ ಸಂಘ, ಸಹಕಾರ ಸಂಘ, ಟ್ರಸ್ಟ್‌ಗಳಿಗೆ 5,000 ರೂಪಾಯಿ, ಸಂಸ್ಥೆ ಮತ್ತು ಕಂಪನಿಗಳಿಗೆ ವಹಿವಾಟಿನ ಮೇಲೆ ಇನ್ನೂ ಹೆಚ್ಚು. ಕನ್ನಡದ ಬಿಲ್ಲು, ನಡಾವಳಿ, ಸಂದೇಶಗಳಿಗೆ ಇಂಗ್ಲಿಷ್ ಅನುವಾದ ಜೊತೆಗಿರಬೇಕು. ವಕೀಲರೇ ಆಗಬೇಕೆಂದಿಲ್ಲ, 35ನೇ ಕಲಂ ಪ್ರಕಾರ ಸ್ವತಃ ಹಾಜರಾಗಬಹುದು, ಇಲ್ಲವೇ ಚಾರ್ಟರ್ಡ್ ಅಕೌಂಟೆಂಟ್, ಕಂಪನಿ ಸೆಕ್ರೆಟರಿ, ಕಾಸ್ಟ್ ಅಕೌಂಟೆಂಟ್‌ರನ್ನು ನೇಮಿಸಬಹುದು. ನಿಮ್ಮ ಜಿಎಸ್‌ಟಿ ನೋಡುವ ಸಿ.ಎ.ಗೆ ಆ ಇನ್‌ವಾಯ್ಸ್ ಕೋಷ್ಟಕ ಹೊಸ ವಕೀಲರಿಗಿಂತ ಬೇಗ ಅರ್ಥವಾಗುತ್ತದೆ.

ಗಡುವನ್ನು ಮಾತ್ರ ಮರೆಯಲೇಬಾರದು. 2023ರ ತಿದ್ದುಪಡಿಯ ಪ್ರಕಾರ, ಅರ್ಜಿಗೆ ಕಾರಣ ಹುಟ್ಟಿದ ದಿನದಿಂದ ಮೂರು ವರ್ಷದೊಳಗೆ ಮಾಹಿತಿ ಸಲ್ಲಿಸಬೇಕು. ತಡವಾದರೆ ಕಾರಣ ಕೊಟ್ಟು ಒಪ್ಪಿಸಬೇಕು.

ಸಂಘದ ಮನೆಗೆಲಸವೂ ಇದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ವರ್ಷ ವರ್ಷ ಸಲ್ಲಿಸಬೇಕಾದ ಪಟ್ಟಿ, ಲೆಕ್ಕಪತ್ರ ಬಾಕಿ ಇದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ. ಬೈಲಾದಲ್ಲಿ ಕಾನೂನು ಕ್ರಮ ಕೈಗೊಳ್ಳುವ ಅಧಿಕಾರ ಯಾರಿಗಿದೆ ನೋಡಿ, ಅವರ ಹೆಸರಿಗೆ ಠರಾವು ಮಾಡಿ. ನೋಂದಣಿ ಪತ್ರದಲ್ಲಿ ಒಂದು ಹೆಸರು, ಲೆಟರ್‌ಹೆಡ್‌ನಲ್ಲಿ ಇನ್ನೊಂದು, ಸೀಲಿನಲ್ಲಿ ಮತ್ತೊಂದು ಇರುವುದು ನಮ್ಮ ಕಡೆ ಅಪರೂಪವೇನಲ್ಲ.

ನಡಾವಳಿ ಪುಸ್ತಕವನ್ನು ಹಿಂದಿನ ಪುಟಗಳಿಂದ ಓದಿ. 'ಸದರಿ ಕಂಪನಿಯ ಮಾಲನ್ನು ಯಾರೂ ಎತ್ತತಕ್ಕದ್ದಲ್ಲ, ಎತ್ತಿದವರಿಗೆ ದಂಡ' ಎಂಬ ಠರಾವು ಅಲ್ಲಿದ್ದರೆ, ಅಥವಾ ಬಾಡಿಗೆ, ಮಿಲ್ಲಿಂಗ್ ದರ ಎಲ್ಲರಿಗೂ ಒಂದೇ ಎಂದು ಗೊತ್ತುಮಾಡಿದ್ದರೆ, 3(3) ನಿಮ್ಮ ಮೇಲೆಯೇ ತಿರುಗುತ್ತದೆ. ಇದು ಬರೀ ಹೆದರಿಕೆಯ ಮಾತಲ್ಲ. ಕನ್ನಡಕ್ಕೆ ಡಬ್ಬಿಂಗ್ ತಡೆದ ವಿಷಯದಲ್ಲಿ ಕನ್ನಡ ಗ್ರಾಹಕರ ಕೂಟ 2012ರಲ್ಲಿ ಆಯೋಗಕ್ಕೆ ಹೋಯಿತು. 2015ರ ಜುಲೈನಲ್ಲಿ ದಂಡ ಬಿದ್ದದ್ದು ಯಾವ ಕಂಪನಿಗೂ ಅಲ್ಲ, ಸಂಘಗಳಿಗೆ: ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ 16.82 ಲಕ್ಷ, ಜೊತೆಗೆ ಕಿರುತೆರೆಯವರ ಮತ್ತು ನಿರ್ಮಾಪಕರ ಸಂಘಗಳಿಗೂ. ಬಂಗಾಳದಲ್ಲಿ ಡಬ್ಬಿಂಗ್ ಧಾರಾವಾಹಿ ತಡೆದ ಇಂಥದ್ದೇ ಪ್ರಕರಣದಲ್ಲಿ 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆಯೋಗದ ಪರ ನಿಂತಿತು. ಗ್ರಾಹಕರ ಒಂದು ಕೂಟ ಇಡೀ ಚಿತ್ರರಂಗದ ಕಟ್ಟುಪಾಡನ್ನು ಕಾಗದದಲ್ಲಿ ಎದುರಿಸಿದ ರೀತಿಯಿಂದ ಕಲಿಯುವುದು ಬಹಳ ಇದೆ, ಡಬ್ಬಿಂಗ್ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ.

ಹೆಸರು ಹೊರಬಂದರೆ ಸರಬರಾಜು ನಿಲ್ಲಿಸುತ್ತಾರೆ ಎಂಬ ಅಂಗಡಿಯವರ ಭಯ ಸುಳ್ಳಲ್ಲ. ಸಂಘದ ಹೆಸರಲ್ಲಿ ಅರ್ಜಿ ಹಾಕುವುದಕ್ಕೆ ದೊಡ್ಡ ಕಾರಣವೇ ಅದು. 57ನೇ ಕಲಂ ಮತ್ತು 35ನೇ ವಿನಿಯಮದ ಅಡಿ ಗೋಪ್ಯತೆ ಕೇಳಿ, ಎರಡು ಪ್ರತಿ ತಯಾರಿಸಿ: ಒಂದರಲ್ಲಿ ಅಂಗಡಿ ಹೆಸರು, ಜಿಎಸ್‌ಟಿ ನಂಬರ್ ಎಲ್ಲವೂ, ಇನ್ನೊಂದರಲ್ಲಿ 'ಅಂಗಡಿ 1, ಅಂಗಡಿ 2'. ಎರಡನೆಯದರಲ್ಲಿ ಇನ್‌ವಾಯ್ಸ್ ನಂಬರ್ ಹಾಗೇ ಉಳಿಸಿದರೆ ಕಂಪನಿಗೆ ಅಂಗಡಿ ಯಾವುದೆಂದು ಪತ್ತೆಹಚ್ಚಲು ಎರಡು ನಿಮಿಷ ಸಾಕು.

ಸಲ್ಲಿಸಿದ ಮೇಲೆ ಆಯೋಗ ಮೇಲ್ನೋಟಕ್ಕೆ ತಪ್ಪು ಕಂಡರೆ 26(1) ಅಡಿ ತನ್ನ ತನಿಖಾ ವಿಭಾಗದ ಮುಖ್ಯಸ್ಥರಾದ ಮಹಾನಿರ್ದೇಶಕರ ತನಿಖೆಗೆ ಆದೇಶಿಸುತ್ತದೆ. ಇದು ಆಡಳಿತಾತ್ಮಕ ಹೆಜ್ಜೆ, ಇದರ ಮೇಲೆ ಮೇಲ್ಮನವಿ ಇಲ್ಲ ಎಂದು ಭಾರತೀಯ ಉಕ್ಕು ಪ್ರಾಧಿಕಾರದ (ಸೈಲ್) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಹಾಗಾಗಿಯೇ ಕಂಪನಿಗಳು ಹೈಕೋರ್ಟಿಗೆ ರಿಟ್ ಹಾಕುತ್ತವೆ, ಕಾಲ ಹೋಗುವುದು ಅಲ್ಲೇ. ದೆಹಲಿ ವ್ಯಾಪಾರ ಮಹಾಸಂಘ ಅಮೆಜಾನ್, ಫ್ಲಿಪ್‌ಕಾರ್ಟ್ ವಿರುದ್ಧ ತಂದ ಪ್ರಕರಣದಲ್ಲಿ 2020ರ ಜನವರಿ 13ಕ್ಕೆ ತನಿಖೆಗೆ ಆದೇಶವಾಯಿತು. ಮರು ತಿಂಗಳೇ ಕರ್ನಾಟಕ ಹೈಕೋರ್ಟ್ ತಡೆ ಕೊಟ್ಟಿತು. ತಡೆ ತೆರವಾಗಿ, ಸುಪ್ರೀಂ ಕೋರ್ಟ್ ಕೂಡ ಮಧ್ಯಪ್ರವೇಶ ನಿರಾಕರಿಸುವ ಹೊತ್ತಿಗೆ 2021ರ ಆಗಸ್ಟ್. ತನಿಖೆ ಶುರುವಾಗುವುದಕ್ಕೇ ಒಂದೂವರೆ ವರ್ಷ ಹೋಯಿತು. ಸಿಮೆಂಟ್ ಪ್ರಕರಣ ಇನ್ನೂ ಉದ್ದ: ಕಟ್ಟಡ ಗುತ್ತಿಗೆದಾರರ ರಾಷ್ಟ್ರೀಯ ಸಂಘ 2010ರಲ್ಲಿ ಅರ್ಜಿ ಹಾಕಿ 2012ರಲ್ಲಿ ಗೆದ್ದಿತು. ವಾದ ಕೇಳದ ಅಧ್ಯಕ್ಷರು ಆದೇಶಕ್ಕೆ ಸಹಿ ಹಾಕಿದ್ದಾರೆಂದು 2015ರಲ್ಲಿ ಅದು ರದ್ದಾಯಿತು. 2016ರಲ್ಲಿ ಮತ್ತೆ ದಂಡ, 2018ರಲ್ಲಿ ಮೇಲ್ಮನವಿ ನ್ಯಾಯಮಂಡಳಿಯ ಒಪ್ಪಿಗೆ, ಆಮೇಲೆ ಸುಪ್ರೀಂ ಕೋರ್ಟ್. ಇಂಥ ರಿಟ್ ಬೆಂಗಳೂರಿನಲ್ಲಿ ಬಂದರೆ ಸಂಘವೂ ಹಾಜರಾಗಬೇಕು. ನೀವೇ ರಿಟ್ ಹಾಕುವುದಾದರೆ, ಧಾರವಾಡ ಹತ್ತಿರವೆಂದು ಅಲ್ಲಿಗೆ ಹೋಗಬೇಡಿ. ದಾವಣಗೆರೆ, ಚಿತ್ರದುರ್ಗ ಎರಡೂ ಬೆಂಗಳೂರಿನ ಪ್ರಧಾನ ಪೀಠಕ್ಕೆ ಸೇರಿವೆ.

ಮಾಲಿಗೆ ಪೇಟೆಂಟ್ ಇದ್ದರೆ ಇನ್ನೊಂದು ತೊಡಕು. ಬಿಟಿ ಹತ್ತಿಯ ತಂತ್ರಜ್ಞಾನ ಶುಲ್ಕದ ಬಗ್ಗೆ ಮಾನ್ಸಾಂಟೊ ವಿರುದ್ಧ ಬೀಜ ಕಂಪನಿಗಳು, ಕೇಂದ್ರ ಕೃಷಿ ಇಲಾಖೆ, ಅಖಿಲ ಭಾರತ ಕಿಸಾನ್ ಸಭಾ ಎಲ್ಲರೂ ಆಯೋಗಕ್ಕೆ ಹೋದರು. 2016ರ ಫೆಬ್ರವರಿಯಲ್ಲಿ ತನಿಖೆಗೆ ಆದೇಶವೂ ಆಯಿತು. ಪೇಟೆಂಟ್ ವಿಷಯಕ್ಕೆ ಪೇಟೆಂಟ್ ಕಾಯ್ದೆಯೇ ದಾರಿ ಎಂದು 2023ರ ಜುಲೈನಲ್ಲಿ ದೆಹಲಿ ಹೈಕೋರ್ಟ್ ಹೇಳಿತು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. ರೈತನಿಗೆ ಬೇಗ ದಕ್ಕಿದ್ದು ಬೇರೆ ದಾರಿಯಲ್ಲಿ: ಕೇಂದ್ರದ ಬೆಲೆ ನಿಯಂತ್ರಣ ಆದೇಶದಿಂದ 2016ರಲ್ಲಿ 450 ಗ್ರಾಂ ಪ್ಯಾಕೆಟ್ 800 ರೂಪಾಯಿಗೆ, ಅದರೊಳಗಿನ ತಂತ್ರಜ್ಞಾನ ಶುಲ್ಕ 49 ರೂಪಾಯಿಗೆ ಇಳಿಯಿತು. ಬೀಜದ ವಿಷಯದಲ್ಲಿ ಆಯೋಗವೊಂದನ್ನೇ ನಂಬಿ ಕೂರುವುದು ಜಾಣತನವಲ್ಲ.

ವಿಚಾರಣೆ ಮುಗಿಯುವುದರೊಳಗೆ ಸದಸ್ಯರ ಅಂಗಡಿ ಮುಚ್ಚುವ ಸ್ಥಿತಿ ಇದ್ದರೆ 33ನೇ ಕಲಂ ಅಡಿ ಮಧ್ಯಂತರ ಆದೇಶ ಕೇಳಬಹುದು. ಸಿಗುವುದು ಅಪರೂಪ. ತಡವಾದರೆ ಸರಿಪಡಿಸಲಾಗದ ಹಾನಿ ಎಂದು ಬ್ಯಾಂಕ್ ಸ್ಟೇಟ್‌ಮೆಂಟ್ ಸಮೇತ ತೋರಿಸಬೇಕು.

ಆಯೋಗ 26(2) ಅಡಿ ಕಡತ ಮುಚ್ಚಿದರೆ ಆ ಆದೇಶದ ಮೇಲೆ 60 ದಿನದೊಳಗೆ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ದಿನದ ಲೆಕ್ಕ ಆದೇಶದ ಪ್ರತಿ ಸಂಘಕ್ಕೆ ತಲುಪಿದಂದಿನಿಂದ. ಪ್ರತಿ ಬರುವುದು ಅರ್ಜಿಯಲ್ಲಿ ಕೊಟ್ಟ ಇ-ಮೇಲ್‌ಗೆ, ಆ ಇ-ಮೇಲ್ ಸಾಮಾನ್ಯವಾಗಿ ಇರುವುದು ಹಿಂದಿನ ಅವಧಿಯ ಕಾರ್ಯದರ್ಶಿಯ ಮೊಬೈಲಿನಲ್ಲಿ. ಸಂಘದ ಹೆಸರಿನದೇ ಒಂದು ಐಡಿ ಮಾಡಿ, ಪಾಸ್‌ವರ್ಡ್ ಇಬ್ಬರು ಪದಾಧಿಕಾರಿಗಳ ಬಳಿ ಇರಲಿ. ಪದಾಧಿಕಾರಿಗಳು ಬದಲಾದ ದಿನವೇ ಆಯೋಗಕ್ಕೂ ತಿಳಿಸಿ ಸ್ವೀಕೃತಿ ತೆಗೆದುಕೊಳ್ಳಿ.